ಜೆರಾಕ್ಸ್ ಅಂಗಡಿಯ ಎದುರಿನ ಶಾಲೆ

ಅನುಮಾನಪಡುವುದಕ್ಕೇ ನನಗೆ ಸರ್ಕಾರ ಸಂಬಳ ಕೊಡುತ್ತದೆ. ಅಂಕೋಲೆಯ ಒಂದು ಕಚೇರಿಯಲ್ಲಿ, ಜಮೀನು ಕೊಡುವವರು ತೆಗೆದುಕೊಳ್ಳುವವರು ಬಂದು ಹೆಬ್ಬೆಟ್ಟು ಒತ್ತುವ ಮೇಜಿನ ಈಚೆ ಬದಿಗೆ ಕೂರುವವಳು ನಾನು. ಎದುರು ನಿಂತ ಮುದುಕ ಕಾಗದದಲ್ಲಿರುವ ಮುದುಕನೇ ಹೌದೋ, ಅವನ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವವಳು ನಿಜವಾಗಿ ತಂಗಿಯೋ ಅಲ್ಲ ಕರೆತಂದ ತಂಗಿಯೋ, ಇದನ್ನೆಲ್ಲ ಮುಖ ನೋಡಿಯೇ ಅಳೆಯಬೇಕು. ಹದಿನಾಲ್ಕು ವರ್ಷ ಇದನ್ನೇ ಮಾಡಿದ ಮೇಲೆ ಐದು ಗಂಟೆಗೆ ಕಚೇರಿ ಬಾಗಿಲು ಹಾಕಿದರೂ ಕಣ್ಣು ಬಾಗಿಲು ಹಾಕುವುದಿಲ್ಲ. ಸೊಪ್ಪು ಮಾರುವವಳು ಒಂದು ಕಟ್ಟು ಹೆಚ್ಚಿಗೆ ಕೊಟ್ಟರೆ ಅಲ್ಲೇ ಬಿಚ್ಚಿ ನೋಡುತ್ತೇನೆ. ನನ್ನ ಗಂಡ, 'ನಿನ್ನ ಹತ್ತಿರ ದೇವರು ವರ ಕೊಡಲು ಬಂದರೂ ಗುರುತಿನ ಚೀಟಿ ಕೇಳುತ್ತೀಯ' ಎಂದು ಹಾಸ್ಯ ಮಾಡುತ್ತಾನೆ. ಕೇಳದೆ ಬಿಡುವುದಾದರೂ ಹೇಗೆ?

ನಮ್ಮ ಮಗಳಿಗೆ ಕಿವಿ ಕೇಳುವುದಿಲ್ಲ. ಎರಡೂ ಕಿವಿಗೆ ಮಶೀನು ಹಾಕಿದರೆ ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ಹತ್ತಿರ ನಿಂತು ಕರೆದರೆ ತನ್ನ ಹೆಸರು, ಇಷ್ಟು ತಿಳಿಯುತ್ತದೆ. ಉಳಿದದ್ದನ್ನೆಲ್ಲ ಅವಳು ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಮೂರು ವರ್ಷದವಳಿದ್ದಾಗ ಮಂಗಳೂರಿನ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರು ನಮಗೆ ಒಂದು ಸೂಚನೆ ಕೊಟ್ಟಿದ್ದರು. ಮನೆಯಲ್ಲಿ ಒಂದೇ ಭಾಷೆ ಆಡಿ, ಎರಡು ಭಾಷೆ ಬೆರೆಸಿದರೆ ಮಗುವಿಗೆ ಎರಡೂ ಹಿಡಿತಕ್ಕೆ ಸಿಗುವುದಿಲ್ಲ ಎಂದು. ಆ ಮಾತನ್ನು ನಾನು ಶಾಸನದ ಹಾಗೆ ಪಾಲಿಸಿದೆ.

ಅದನ್ನು ಪಾಲಿಸುವುದು ನನಗೆ ಸುಲಭವಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ನಾನು ಅಂಕೋಲೆಯವಳು, ನನ್ನ ಮನೆಮಾತು ಕನ್ನಡ. ಗಂಡನ ಮನೆ ಕಾರವಾರದ ಕೋಡಿಬಾಗ, ಅಲ್ಲಿ ಎಲ್ಲರದೂ ಕೊಂಕಣಿ. ಒಂದೇ ಭಾಷೆ ಎಂದಾಗ ನಾನು ಕನ್ನಡ ಎಂದೆ, ಯಾಕೆಂದರೆ ಶಾಲೆ ಕನ್ನಡದ್ದು. ಬಿಣಗಾದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ಗಂಡ ಹೂಂ ಎಂದ. ಅತ್ತೆ ಮಾತ್ರ ಏನೂ ಹೇಳಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಅವರಿಗೆ ಬರುತ್ತದೆ, ಮೊಮ್ಮಗಳಿಗೆ ಕತೆ ಹೇಳುವಷ್ಟು ಬರುವುದಿಲ್ಲ. ಒಂದೆರಡು ಸಲ ಮಗುವಿನ ಎದುರು ಕೂತು ಕೊಂಕಣಿಯಲ್ಲಿ ಏನೋ ಹೇಳಲು ಹೋದಾಗ ನಾನು ತಡೆದೆ. ಆಮೇಲೆ ಅವರು ಮಗುವಿಗೆ ತಲೆ ಬಾಚುವುದು, ಊಟ ಬಡಿಸುವುದು ಎಲ್ಲ ಮಾಡುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. 'ಮಾಕಾ ಕನ್ನಡ ಯೇನಾ', ನನಗೆ ಕನ್ನಡ ಬರುವುದಿಲ್ಲ ಎಂದು ನೆರೆಮನೆಯವರ ಹತ್ತಿರ ಹೇಳಿ ಸುಮ್ಮನಾಗುತ್ತಿದ್ದರು. ಸೊಸೆಯ ಮೇಲಿನ ಹಟಕ್ಕೆ ಮೊಮ್ಮಗಳ ಹತ್ತಿರ ಮೌನವ್ರತ ಹಿಡಿದಿದ್ದಾರೆ ಎಂದು ನನ್ನ ಅನುಮಾನ. ಸೊಸೆ ತನ್ನ ತವರಿನ ಭಾಷೆಯನ್ನು ಮಗುವಿನ ನೆಪದಲ್ಲಿ ಮನೆಯೊಳಗೆ ತಂದಳು ಎಂದು ಅವರ ಅನುಮಾನ. ಹೀಗೆ ಎಂಟು ವರ್ಷ ಕಳೆಯಿತು.

ಐದನೆಯ ತರಗತಿಯವರೆಗೆ ಮಗಳು ಮನೆ ಹತ್ತಿರದ ಸಣ್ಣ ಶಾಲೆಗೆ ಹೋದಳು. ಆರಕ್ಕೆ ಪೇಟೆಯ ದೊಡ್ಡ ಶಾಲೆ. ಆ ಶಾಲೆಯ ಒಂದು ತರಗತಿಯಲ್ಲಿ ಎಷ್ಟು ಬೆಂಚು ಇವೆಯೋ ಅಷ್ಟು ಮನೆಮಾತು. ಅರ್ಧಕ್ಕರ್ಧ ಮಕ್ಕಳದು ಕೊಂಕಣಿ, ನೌಕಾನೆಲೆಯ ಕಡೆಯಿಂದ ಬರುವವರದು ಹಿಂದಿ, ಅಲ್ಲದೆ ಉರ್ದು, ಮರಾಠಿ, ಕಟ್ಟಡದ ಕೆಲಸಕ್ಕೆ ಬಂದವರ ಬಡಗಣ ಸೀಮೆಯ ಕನ್ನಡ. ಸೇರಿಸಲು ಹೋದ ದಿನ ಮುಖ್ಯ ಮಾಸ್ತರ್ರು ಎದ್ದು ನಿಂತು ನನಗೆ ಕುರ್ಚಿ ಸರಿಸಿದರು. ಅತಿ ವಿನಯ ಧೂರ್ತ ಲಕ್ಷಣ. ಆ ಕ್ಷಣಕ್ಕೇ ನನ್ನ ಬೆನ್ನು ನೆಟ್ಟಗಾಯಿತು.

"ನೀವು ಎಂತದೂ ತಲೆಬಿಸಿ ಮಾಡ್ಕಬೇಡಿ ಬಾಯೋರೇ" ಎಂದರು. "ಇಂಥ ಮಕ್ಳನ್ನ ಎಲ್ಲರ ಸಂಗ್ತಿ ಕೂರ್ಸಿ ಕಲಿಸ್ಬೇಕು ಹೇಳಿ ನಿಯಮನೇ ಅದೆ. ನಮ್ಮಲ್ಲಿ ಶಿಸ್ತೂ ಅದೆ. ಗೇಟಿನ ಒಳಗೆ ಬಂದ ಮೇಲೆ ಕನ್ನಡ ಬಿಟ್ಟು ಬೇರೆ ಭಾಷೆ ಆಡೂ ಹಾಂಗಿಲ್ಲ. ಆಡಿದ್ರೆ ಲೀಡರು ಹೆಸರು ಬರೀತಾನೆ."

ಆ ಕೊನೆಯ ಮಾತು ಮಾತ್ರ ನನಗೆ ಹಿಡಿಸಿತು. ಮನೆಯ ನಿಯಮವೂ ಶಾಲೆಯ ನಿಯಮವೂ ಒಂದೇ ಆಯಿತಲ್ಲ ಎಂದುಕೊಂಡೆ. ಆದರೆ ಹೊರಡುವಾಗ ಅವರು ಇನ್ನೊಂದು ಸೇರಿಸಿದರು. ಬೇರೆ ಊರಲ್ಲಿ ಇಂಥ ಮಕ್ಕಳದೇ ಒಂದು ವಸತಿ ಶಾಲೆ ಇದೆ, ಅಲ್ಲಿ ಕೈಸನ್ನೆ ಭಾಷೆ ಕಲಿಸುತ್ತಾರೆ, ಹಾಸ್ಟೆಲೂ ಇದೆ, 'ಸುಮ್ನೆ ಹೇಳ್ದೆ' ಎಂದು. ಯಾರೂ ಸುಮ್ಮನೆ ಏನನ್ನೂ ಹೇಳುವುದಿಲ್ಲ. ಮುಂದಿನ ಎರಡು ತಿಂಗಳಲ್ಲಿ ಅವರು ಆ ಶಾಲೆಯನ್ನು ಇನ್ನೂ ಎರಡು ಸಲ ಸುಮ್ಮನೆ ಹೇಳಿದರು. ಮನೆಯಲ್ಲಿ ಗಂಡನೂ, "ಈ ಒಂದು ವರ್ಷ ನೋಡುವ. ಆಗ್ದೇ ಹೋದ್ರೆ ಹಾಸ್ಟೆಲಿಗೆ ಬಿಡುವ" ಎಂದ. ಹನ್ನೊಂದು ವರ್ಷದ ಮಗಳನ್ನು ಬೇರೆ ಊರಿಗೆ ಕಳಿಸಬಾರದು, ಎಲ್ಲರ ಮಕ್ಕಳ ಜೊತೆ ಅವಳೂ ನಮ್ಮೂರಿನ ಬೆಂಚಿನ ಮೇಲೇ ಕೂತು ಓದಬೇಕು. ಆ ವರ್ಷ ನನಗೆ ಬೇಕಾಗಿದ್ದುದು ಅದೊಂದೇ. ಅದನ್ನು ಕೆಡಿಸಲು ಯಾರು ಹೊಂಚು ಹಾಕಿದ್ದಾರೆ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ನನ್ನ ಅನುಮಾನಗಳೆಲ್ಲ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಯಾರಾದರೂ ಅಧಿಕಾರಿಗಳು ಶಾಲೆಗೆ ಬಂದರೆ ಮಗಳನ್ನು ಮುಂದಿನ ಬೆಂಚಿಗೆ ತಂದು ಕೂರಿಸಿ, ಕಿವಿಯ ಮಶೀನು ಕಾಣುವ ಹಾಗೆ ಜಡೆ ಹಿಂದಕ್ಕೆ ಸರಿಸಿ ಫೋಟೋ ತೆಗೆಯುತ್ತಿದ್ದರು. ಅವರು ಹೋದ ಮೇಲೆ ಅವಳು ಮೂರನೆಯ ಬೆಂಚಿಗೆ. ಅಲ್ಲಿಂದ ಪಾಠ ಹೇಳುವವರ ತುಟಿ ಸರಿಯಾಗಿ ಕಾಣದು. ಈ ಬಗ್ಗೆ ನಾನು ಜಗಳವಾಡಿದೆ. ತರಗತಿಗೆ ಪಾಠ ಹೇಳುವ ಅಕ್ಕೋರು, ನನಗಿಂತ ಚಿಕ್ಕವರು, ಮರುದಿನದಿಂದಲೇ ಅವಳನ್ನು ಕಾಯಂ ಆಗಿ ಮುಂದೆ ಕೂರಿಸಿದರು. ಬೋರ್ಡಿನ ಕಡೆ ತಿರುಗಿ ಪಾಠ ಹೇಳುವ ಅಭ್ಯಾಸವನ್ನೂ ಬಿಟ್ಟರು. ಇಷ್ಟು ಬೇಗ ಒಪ್ಪಿದರಲ್ಲ, ಒಳಗೆ ಏನಿದೆಯೋ ಎಂದು ನಾನು ಅದಕ್ಕೂ ಅನುಮಾನಪಟ್ಟೆ.

ಹಾಗಾಗಿ ನೋಡಲು ಶುರುಮಾಡಿದೆ. ಶಾಲೆಯ ಮೈದಾನಕ್ಕೆ ಎದುರಾಗಿ ರಸ್ತೆಯಾಚೆ ಒಂದು ಜೆರಾಕ್ಸ್ ಅಂಗಡಿ ಇದೆ. ಅರ್ಧ ದಿನದ ರಜೆ ಹಾಕಿ, ಅಂಕೋಲೆಯಿಂದ ಬಸ್ಸು ಹತ್ತಿ, ಅಮದಳ್ಳಿ ಬಿಣಗಾ ದಾಟಿ, ಮಧ್ಯಾಹ್ನದ ಊಟದ ಬಿಡುವಿಗೆ ಸರಿಯಾಗಿ ಆ ಅಂಗಡಿಯ ತಗಡಿನ ಮಾಡಿನ ಕೆಳಗೆ ನಿಲ್ಲುತ್ತಿದ್ದೆ. ಸುಮ್ಮನೆ ನಿಂತರೆ ಅಂಗಡಿಯವನು ಏನೆಂದುಕೊಂಡಾನು ಎಂದು ನನ್ನ ಆಧಾರ್ ಕಾರ್ಡಿನ ಪ್ರತಿ ತೆಗೆಸುತ್ತಿದ್ದೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಮುಖದ ಕಪ್ಪುಬಿಳುಪು ಪ್ರತಿಗಳು ಒಂದು ಚೀಲದ ತುಂಬ ಆಗಿದ್ದವು. ಅಂಗಡಿಯವನು ಒಂದು ದಿನ, "ನೀವು ಲೋನಿಗೆ ಹಾಕಿದ್ರಾ?" ಎಂದು ಕೇಳಿದ. ಹೌದು ಎಂದೆ.

ಗಣೇಶ ಚೌತಿ ಮುಗಿದ ವಾರ ಇರಬೇಕು, ಅಲ್ಲಿಂದಲೇ ನಾನು ಅದನ್ನು ಕಂಡೆ. ಊಟ ಮುಗಿಸಿದ ಮಕ್ಕಳು ಮೈದಾನದಲ್ಲಿ ಗದ್ದಲ ಮಾಡುತ್ತಿದ್ದರು. ನನ್ನ ಮಗಳು ರಸ್ತೆ ಕಡೆಯ ಕಾಂಪೌಂಡಿನ ಕಟ್ಟೆಯ ಮೇಲೆ ಕೂತಿದ್ದಳು. ಎದುರಿಗೆ ಮೂವರು ಹುಡುಗಿಯರು. ಅವರಲ್ಲಿ ಎರಡು ಜಡೆಯ ಎತ್ತರದವಳೊಬ್ಬಳು ಬಗ್ಗಿ, ಮಗಳ ಮುಖದ ಹತ್ತಿರ ಮುಖ ತಂದು, ಬಾಯಿಯನ್ನು ಅಗಲ ಮಾಡಿ, ಸೊಟ್ಟ ಮಾಡಿ, ಹಲ್ಲು ನಾಲಗೆ ಎಲ್ಲ ತೋರಿಸಿ ಆಡಿಸುತ್ತಿದ್ದಳು. ಶಬ್ದ ಇಲ್ಲ. ಮಾತಾಡುವವರ ಎದೆ ಏರಿಳಿಯುತ್ತದೆ, ಮೈ ಸ್ವಲ್ಪ ಅಲುಗುತ್ತದೆ. ಇದು ಬರೀ ಬಾಯಿ. ಉಳಿದಿಬ್ಬರೂ ಹಾಗೇ ಮಾಡಿದರು. ನನ್ನ ಮಗಳು ಅವರನ್ನು ನೋಡಿ ತಾನೂ ಬಾಯಿ ಸೊಟ್ಟ ಮಾಡಿದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು.

ಕಿವುಡರನ್ನು ಅಣಕಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಸಂಬಂಧಿಕರ ಮಕ್ಕಳು ಅವಳ ಬೆನ್ನ ಹಿಂದೆ ಹೀಗೇ ಬಾಯಾಡಿಸಿ ನಕ್ಕದ್ದನ್ನು ಕಂಡಿದ್ದೇನೆ. ಅಳುವಿಗಿಂತ ಮೊದಲು ಸಿಟ್ಟು ಬಂತು, ಅದರ ಹಿಂದೆಯೇ, ನಾಚಿಕೆಯಾಗುತ್ತದೆ ಹೇಳಲು, ಒಂದು ಸಮಾಧಾನ. ನಾನು ಹೇಳಿರಲಿಲ್ಲವೇ ಎನ್ನುವ ಸಮಾಧಾನ.

ಸಂಜೆ ಮಗಳನ್ನು ಕೇಳಿದೆ, ಆ ಹುಡುಗಿಯರು ಏನು ಮಾಡುತ್ತಿದ್ದರು ಎಂದು. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಆಟ" ಎಂದಳು. ಅಷ್ಟೇ. ನಾನು ನಂಬಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಕಚೇರಿಯಲ್ಲಿ ಹೊಸಬರಿಗೆ ನಾನೇ ಈ ಮಾತು ಹೇಳುವುದು. ಆ ದಿನ ಪ್ರಮಾಣ ಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

ಮರುದಿನ ಲಿಖಿತ ದೂರು ತೆಗೆದುಕೊಂಡು ಮುಖ್ಯ ಮಾಸ್ತರ್ರ ಎದುರು ಕೂತೆ. ಎಷ್ಟು ಕಡೆ ಅರ್ಜಿ ಬರೆದ ಕೈ ನನ್ನದು, ಒಂದು ಅಕ್ಷರ ಅಲುಗದ ಹಾಗೆ ಬರೆದಿದ್ದೆ. ಅವರು ಓದಿ ಬೆವರು ಒರೆಸಿಕೊಂಡರು. ತರಗತಿಯ ಅಕ್ಕೋರನ್ನು ಕರೆಸಿದರು.

"ಮಗಳ ಹತ್ರ ಕೇಳಿದ್ರಾ?" ಎಂದರು ಅಕ್ಕೋರು.

"ಕೇಳ್ದೆ. ಆಟ ಹೇಳ್ತದೆ ಅದು."

"ಮತ್ತೆ ಆಟನೇ ಆಗಿರ್ಬೇಕು."

"ಅದ್ಕೆ ಎಂತಾ ತಿಳೀತದೆ ಅಕ್ಕೋರೇ? ತನ್ನ ಅಣಕಿಸ್ತಾರೆ ಹೇಳಿ ತಿಳಿದ್ರೆ ಅದು ನಗ್ತಿತ್ತಾ?"

ಅಕ್ಕೋರು ನನ್ನನ್ನು ಒಂದು ತರಹ ನೋಡಿದರು. "ಅದ್ಕೆ ತಿಳೀದೆ ಇದ್ದದ್ದು ಕಮ್ಮಿ" ಎಂದರು. ತಮ್ಮ ತರಗತಿಯ ಹೆಸರು ಉಳಿಸಿಕೊಳ್ಳಲು ಹೇಳಿದ ಮಾತು ಎಂದು ನಾನು ಅದನ್ನು ಅಲ್ಲೇ ತಳ್ಳಿ ಹಾಕಿದೆ. ಮುಖ್ಯ ಮಾಸ್ತರ್ರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳ ಎದುರು ಹೊಸ ನಿಯಮ ಹೇಳಿದರಂತೆ: ಆ ಹುಡುಗಿಯ ಎದುರು ಯಾರೂ ಬಾಯಿ ಆಡಿಸಬಾರದು. ಆಡಿಸಿದರೆ ತಂದೆತಾಯಿಯನ್ನು ಕರೆಸಲಾಗುವುದು. ಸಂಜೆ ಫೋನು ಮಾಡಿ ನನಗೂ ತಿಳಿಸಿದರು. ನಾನು ಧನ್ಯವಾದ ಹೇಳಿದೆ.

ಎರಡು ವಾರದಲ್ಲಿ ಮಗಳು ಬದಲಾದಳು. ಶಾಲೆಯಿಂದ ಬಂದವಳು ಕಿವಿಯ ಮಶೀನು ತೆಗೆದು ಡಬ್ಬಿಗೆ ಹಾಕಿ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಕೇಳಿದ್ದಕ್ಕೆ ಉತ್ತರವಿಲ್ಲ, ಊಟ ಅರ್ಧ. ಅತ್ತೆ ಅವಳ ಪಕ್ಕದಲ್ಲಿ ಕೂತು ಕಾಲು ನೀವುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ಇವರಿಬ್ಬರ ನಡುವೆ ನನಗೆ ತಿಳಿಯದ್ದು ಏನೋ ಇದೆ ಎನಿಸಿತು. ಆಮೇಲೆ ಒಂದು ಬೆಳಿಗ್ಗೆ ನನ್ನ ಊಟದ ಡಬ್ಬಿಯ ಕೆಳಗೆ ನೋಟ್‌ಬುಕ್ಕಿನ ಹಾಳೆಯೊಂದು ಸಿಕ್ಕಿತು. ಮಗಳ ದುಂಡು ಅಕ್ಷರ. 'ನನ್ನನ್ನು ಹಾಸ್ಟೆಲ್ ಶಾಲೆಗೆ ಹಾಕು. ಅಲ್ಲಿ ಎಲ್ಲರೂ ಮುಖ ನೋಡಿ ಮಾತಾಡುತ್ತಾರಂತೆ.'

ಓದಿದ ಕೂಡಲೇ ನನಗೆ ಅನ್ನಿಸಿದ್ದು, ಇದನ್ನು ಅವಳಿಂದ ಬರೆಸಿದ್ದಾರೆ ಎಂದು. ಎಷ್ಟೋ ಸಲ ಕಂಡಿದ್ದೇನೆ, ಸಹಿ ಒಬ್ಬರದು, ಬುದ್ಧಿ ಇನ್ನೊಬ್ಬರದು. ದೂರು ಕೊಟ್ಟ ಸಿಟ್ಟಿಗೆ ಮಗುವಿನ ಕೈಯಿಂದಲೇ ಬರೆಸಿ ನಮ್ಮನ್ನು ಸಾಗಹಾಕುವ ಉಪಾಯ. ಗಂಡ, "ಹೋಗಿ ಜಗಳ ಮಾಡ್ಬೇಡ, ಮೊದ್ಲು ಅದ್ರ ಹತ್ರ ಕೂತು ಕೇಳು" ಎಂದ. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ.

ಈ ಸಲ ಅಂಗಡಿಯ ಮಾಡಿನ ಕೆಳಗೆ ನಿಲ್ಲಲಿಲ್ಲ. ಹಾಳೆ ಹಿಡಿದುಕೊಂಡು ನೇರ ತರಗತಿಯ ಬಾಗಿಲಿಗೆ ಹೋದೆ. ಅಕ್ಕೋರು ಇನ್ನೂ ಬಂದಿರಲಿಲ್ಲ. ಮಕ್ಕಳು ಎದ್ದು ಬಿದ್ದು ಗದ್ದಲ ಮಾಡುತ್ತಿದ್ದರು. ಮಗಳು ಮೊದಲ ಬೆಂಚಿನಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದಳು. ಒಬ್ಬಳು ಅವಳ ಪಕ್ಕದಿಂದ ಹಾದುಹೋಗುವಾಗ ಇನ್ನೊಬ್ಬಳಿಗೆ ಏನೋ ಕೂಗಿ ಹೇಳುತ್ತಿದ್ದವಳು ತಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ಬೆಂಚಿನ ಇಬ್ಬರು ಮಾತಾಡುತ್ತಿದ್ದರು, ಮಗಳು ತಿರುಗಿದ ಕೂಡಲೇ ಅವರೂ ಬಾಯಿಗೆ ಕೈ ಇಟ್ಟರು, ಮಾತು ಮಾತ್ರ ಕೈಯ ಹಿಂದೆ ನಡೆದೇ ಇತ್ತು. ಒಬ್ಬಳಲ್ಲ, ಇಬ್ಬರಲ್ಲ. ಅವಳ ಕಣ್ಣು ಹೋದಲ್ಲೆಲ್ಲ ಕೈಗಳು ಮೇಲೇಳುತ್ತಿದ್ದವು. ಯಾರ ಮುಖದಲ್ಲೂ ಕುಹಕವಿರಲಿಲ್ಲ. ಬರೀ ಹೆದರಿಕೆ, ಹೇಳಿದ್ದನ್ನು ತಪ್ಪದೆ ಮಾಡುವ ಮಕ್ಕಳ ಹೆದರಿಕೆ. ತುಟಿ ನೋಡಿ ಲೋಕ ತಿಳಿಯುವ ಹುಡುಗಿಗೆ ಅಲ್ಲಿ ಒಂದು ತುಟಿಯೂ ಉಳಿದಿರಲಿಲ್ಲ.

ಎತ್ತರದ ಹುಡುಗಿ ನನ್ನನ್ನು ಕಂಡು ಬಾಗಿಲಿಗೆ ಬಂದಳು. ವಿಚಿತ್ರವಾಗಿ ನೋಡಿದಳು. "ನೀವು ಇವ್ಳ ಆಯಿಯಾ?" ಎಂದಳು. ಹೌದು ಎಂದೆ. ನಾನು ತಾಯಿ ಎಂದು ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

"ಎಲ್ಲರೂ ಎಂತಕ್ಕೆ ಬಾಯಿ ಮುಚ್ಕಂಡಿದ್ರಿ?"

"ಸರ್ ಹೇಳಿದ್ರಲ್ಲ, ಇವ್ಳ ಎದ್ರಿಗೆ ಬಾಯಿ ಆಡ್ಸೂಕೆ ಇಲ್ಲ ಹೇಳಿ. ಆಡಿಸ್ದೆ ಮಾತಾಡೂದು ಹೆಂಗೆ?"

"ಅವತ್ತು ಕಟ್ಟೆ ಹತ್ರ ಅಣಕಿಸ್ತಿದ್ರಲ್ಲ ಮತ್ತೆ?"

ಹುಡುಗಿಯ ಕಣ್ಣು ತುಂಬಿತು. ಆಚೀಚೆ ನೋಡಿ ದನಿ ತಗ್ಗಿಸಿದಳು. "ಅಣಕ್ಸಿದ್ದಲ್ರೀ. ಕೊಂಕ್ಣಿ ಕಲಿಸ್ತಿದ್ದದ್ದು. ಅವ್ಳೇ ಕೇಳಿದ್ಳು, ಮನೆಲ್ಲಿ ಆಜಿ ಸಂಗ್ತಿ ಮಾತಾಡ್ಬೇಕು ಹೇಳಿ. ಶಾಲೆಲ್ಲಿ ಕೊಂಕ್ಣಿ ಆಡಿದ್ರೆ ಹೆಸ್ರು ಬರೀತಾರೆ. ಅದ್ಕೆ ನಾವು ಶಬ್ದ ಮಾಡ್ದೆ ಬರೀ ಬಾಯಿ ಆಡ್ಸ್ತಿದ್ವಿ. ಅವ್ಳಿಗೆ ಹೆಂಗೂ ಶಬ್ದ ಬೇಡ ಅಲ್ದಾ?"

ಮೈದಾನದ ಗದ್ದಲದ ನಡುವೆ ಆ ಮೂವರು ಮಕ್ಕಳು ತಮ್ಮ ಭಾಷೆಯನ್ನು ಶಬ್ದ ತೆಗೆದು ನನ್ನ ಮಗಳಿಗೆ ಕೊಡುತ್ತಿದ್ದರು. ಶಾಲೆಯ ನಿಯಮಕ್ಕೆ ಹೆದರಿ, ಮನೆಯ ನಿಯಮ ಮುರಿದು. ಅದನ್ನು ನಿಲ್ಲಿಸಿದವಳು ನಾನು. ಆ ಹಾಳೆಯನ್ನು ಅವಳಿಂದ ಯಾರು ಬರೆಸಿದರು ಎಂಬುದಕ್ಕೂ ಉತ್ತರ ಸಿಕ್ಕಿತು. ನಾನೇ ಬರೆಸಿದ್ದೆ.

ಅಕ್ಕೋರು ಬಂದರು. ಅವರ ಅನುಮತಿ ಕೇಳಿ ನಾನು ತರಗತಿಯ ಮುಂದೆ ನಿಂತೆ. ಕಚೇರಿಯಲ್ಲಿ ಎಂಥವರನ್ನೂ ಗದರಿಸುವ ನಾನು ನಲವತ್ತು ಮಕ್ಕಳ ಎದುರು ದನಿ ತಗ್ಗಿಸಿದೆ. "ತಪ್ಪು ನಂದು. ನೀವು ಕೈ ತೆಗೀರಿ" ಎಂದೆ. ಯಾರೂ ತೆಗೆಯಲಿಲ್ಲ. ಮಕ್ಕಳು ಅಕ್ಕೋರ ಮುಖ ನೋಡಿದರು. ಅಕ್ಕೋರು, "ಸರ್ ಹತ್ರ ನಾ ಹೇಳ್ತೆ, ತೆಗೀರಿ" ಎಂದ ಮೇಲೆ ಒಂದೊಂದಾಗಿ ಇಳಿದವು. ನನ್ನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ, ಇರಬಾರದಾಗಿತ್ತು ಕೂಡ. ಆಮೇಲೆ ಮುಖ್ಯ ಮಾಸ್ತರ್ರ ಕೋಣೆಗೆ ಹೋಗಿ ದೂರು ಹಿಂಪಡೆಯುವ ಅರ್ಜಿ ಬರೆದುಕೊಟ್ಟೆ. ಊಟದ ಬಿಡುವಿನಲ್ಲಾದರೂ ಮಕ್ಕಳು ತಮ್ಮ ಮನೆಮಾತು ಆಡಲಿ ಎಂದು ಅದರಲ್ಲೇ ಕೇಳಿಕೊಂಡೆ. ಅವರು 'ಅಡ್ಡಿಲ್ಲ, ನೋಡುವ' ಎಂದರು. ಆ 'ನೋಡುವ' ಎಂಬುದನ್ನು ನಾನು ಇಂದಿಗೂ ಪೂರ್ತಿ ನಂಬಿಲ್ಲ.

ಸಂಜೆ ಮಗಳ ಎದುರು ನೆಲದ ಮೇಲೆ ಕೂತೆ. ಅವಳು ಮಶೀನು ಹಾಕಿಕೊಳ್ಳುವವರೆಗೆ ಕಾದೆ.

"ಕೊಂಕಣಿ ಹೇಳಿ ಮೊದ್ಲೇ ಎಂತಕ್ಕೆ ಹೇಳ್ಲಿಲ್ಲ ನನ್ನ ಹತ್ರ?"

"ನೀ ಬೇಡ ಹೇಳ್ತಿದ್ದಿ" ಎಂದಳು. ಸ್ವಲ್ಪ ಬಿಟ್ಟು, "ಅಂಗಡಿ ಹತ್ರ ನಿಂತ್ಕಂತಿದ್ದಿ. ಎಲ್ಲಾ ಸಲ ಕಂಡಿದ್ದೆ ನಾನು. ಅದ್ಯಾರು ಹೇಳಿ ಅವ್ರು ಕೇಳಿದ್ರು."

"ನೀ ಎಂತಾ ಹೇಳ್ದೆ?"

"ಗೊತ್ತಿಲ್ಲ ಹೇಳ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ ಕೇಳಿದೆ. ನಿನಗೆ ಯಾವ ಶಾಲೆ ಬೇಕು ಎಂದು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಗಳು ಅವರನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಇಲ್ಲೇ. ಆದ್ರೆ ನೀ ಅಲ್ಲಿ ಬರೂದು ಬೇಡ."

"ಪಾಲಕರ ಸಭೆಗೆ ಕರೆದ್ರೆ?"

"ಆಜಿ ಬತ್ತದೆ."

ಮುಂದಿನ ತಿಂಗಳ ಸಭೆಗೆ ಅತ್ತೆ ಹೋದರು. ಒಳ್ಳೆಯ ಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದು, ಇಬ್ಬರೂ ಆಟೋ ಹತ್ತಿದ್ದನ್ನು ನಾನು ಬಸ್‌ಸ್ಟ್ಯಾಂಡಿನಿಂದ ನೋಡಿದೆ. ಆ ದಿನ ಅಂಕೋಲೆಯಲ್ಲಿ ಯಾರ ಹೆಬ್ಬೆಟ್ಟೂ ನನಗೆ ಸರಿಯಾಗಿ ಕಾಣಲಿಲ್ಲ. ಅಲ್ಲಿ ಯಾರು ಏನು ಹೇಳಿದರು, ಕನ್ನಡ ಅಷ್ಟಾಗಿ ಬಾರದ ಅತ್ತೆ ಏನು ತಿಳಿದುಕೊಂಡರು, ಮಾಸ್ತರ್ರು ಹಾಸ್ಟೆಲಿನ ಮಾತು ಮತ್ತೆ ಎತ್ತಿದರೇ, ಒಂದೂ ಗೊತ್ತಿಲ್ಲ. ಸಂಜೆ ಮನೆ ಹೊಕ್ಕರೆ ಇಬ್ಬರೂ ಜಗಲಿಯಲ್ಲಿ ಎದುರುಬದುರು ಕೂತಿದ್ದರು. ಅತ್ತೆ ಕೊಂಕಣಿಯಲ್ಲಿ ನಿಧಾನವಾಗಿ ಏನೋ ಹೇಳುತ್ತಿದ್ದರು, ಮಗಳು ಅವರ ತುಟಿಯಿಂದ ಕಣ್ಣು ತೆಗೆಯದೆ ನಡುನಡುವೆ ತನ್ನ ದಪ್ಪ ದನಿಯಲ್ಲಿ ಉತ್ತರ ಕೊಡುತ್ತಿದ್ದಳು.

"ಸಭೆಯಲ್ಲಿ ಎಂತಾ ಹೇಳಿದ್ರು?" ಎಂದು ಕೇಳಿದೆ.

"ಎಂತದೂ ಇಲ್ಲ" ಎಂದಳು ಮಗಳು. ಅತ್ತೆಯೂ ತಲೆಯಾಡಿಸಿದರು. ಇಬ್ಬರ ಮುಖದಲ್ಲೂ ಒಂದೇ ನಗು ಇತ್ತು. ಇನ್ನೊಂದು ಪ್ರಶ್ನೆ ನನ್ನ ಬಾಯಿಯವರೆಗೆ ಬಂತು. ಕೇಳದೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.